ಡಿ ಡ್ರೈವಿನಲ್ಲಿ ಇದೆ ಸಾರ್

ಮಾರ್ಚ್ 31 ವಿಶ್ವ ಬ್ಯಾಕಪ್ ದಿನವಂತೆ. 2011ರಿಂದ ಆಚರಿಸುತ್ತಿದ್ದಾರೆ. ಮರುದಿನ ಏಪ್ರಿಲ್ ಒಂದು, ಮೂರ್ಖರ ದಿನ. ಅದರ ಹಿಂದಿನ ದಿನವೇ ನಿಮ್ಮ ಕಡತಗಳಿಗೆಲ್ಲ ಇನ್ನೊಂದು ಪ್ರತಿ ಮಾಡಿಟ್ಟುಕೊಂಡು ಮೂರ್ಖರಾಗುವುದನ್ನು ತಪ್ಪಿಸಿಕೊಳ್ಳಿ ಎಂಬುದು ದಿನ ಗೊತ್ತುಮಾಡಿದವರ ತಮಾಷೆ. ತಮಾಷೆ ಚೆನ್ನಾಗಿದೆ. ಆದರೆ ಅವರು ನಮ್ಮ ದೇಶದಲ್ಲಿ ಒಂದು ಗೂಡಂಗಡಿಯನ್ನೂ ನಡೆಸಿದವರಲ್ಲ ಎಂಬುದು ಆ ತಾರೀಖಿನಿಂದಲೇ ಗೊತ್ತಾಗುತ್ತದೆ. ನಮ್ಮಲ್ಲಿ ಮಾರ್ಚ್ 31 ಎಂದರೆ ಹಣಕಾಸು ವರ್ಷದ ಕೊನೆಯ ದಿನ. ಅಂದು ಆಡಿಟರ ಫೋನಿಗೆ ಹೆದರಿ ಅರ್ಧ ಪೇಟೆ ಮೊಬೈಲನ್ನು ಮಗುಚಿಟ್ಟಿರುತ್ತದೆ. ಇನ್ನರ್ಧ ಪೇಟೆ ಗೋದಾಮಿನಲ್ಲಿ ದಾಸ್ತಾನು ಎಣಿಸುತ್ತಿರುತ್ತದೆ. ಆ ದಿನ ಹೋಗಿ "ಸಾಹುಕಾರ್ರೇ, ಇವತ್ತು ಬ್ಯಾಕಪ್ ಹಬ್ಬ" ಎಂದರೆ ಏನು ಕೇಳಿಸಿಕೊಳ್ಳಬೇಕಾದೀತು ಎಂಬುದನ್ನು ಇಲ್ಲಿ ಬರೆಯಲಾಗದು.

ನಾನು ಸಂಜೆಯ ಹೊತ್ತು ನಮ್ಮ ಪೇಟೆಬೀದಿಯ ಕೆಲವು ಅಂಗಡಿಗಳಿಗೆ ಲೆಕ್ಕ ಬರೆಯಲು ಹೋಗುವವನು. ಬರೆಯುವುದು ಎಂಬುದು ಹಳೆಯ ರೂಢಿಯ ಮಾತು, ಈಗಿನದು ಕುಟ್ಟುವುದು. ಒಂದು ಹಾರ್ಡ್‌ವೇರ್ ಅಂಗಡಿ, ಒಂದು ಔಷಧಿ ಅಂಗಡಿ, ಒಂದು ಅಡಿಕೆ ಮಂಡಿ, ಒಂದು ಫೋಟೋ ಸ್ಟುಡಿಯೋ, ಮದುವೆ ಕಾಗದ ಮಾಡಿಕೊಡುವ ಒಂದು ಡಿಟಿಪಿ ಸೆಂಟರು. ಎಲ್ಲಿ ಹೋದರೂ ಕುರ್ಚಿ ಎಳೆದುಕೊಂಡು ಕೂತ ಮೇಲೆ ನಡೆಯುವ ಮಾತು ಒಂದೇ.

"ಬ್ಯಾಕಪ್ ತಗೊಂಡಿದೀರಾ?"

"ಇದೆ ಸಾರ್."

"ಎಲ್ಲಿದೆ?"

"ಡಿ ಡ್ರೈವಿನಲ್ಲಿ ಇದೆ ಸಾರ್."

ಡಿ ಡ್ರೈವಿನ ಮೇಲೆ ನಮ್ಮ ವ್ಯಾಪಾರಸ್ಥರಿಗಿರುವ ನಂಬಿಕೆಯನ್ನು ಕುಲದೇವರೂ ಕಂಡು ಕರುಬಬೇಕು. ಇದಕ್ಕೊಂದು ಇತಿಹಾಸವಿದೆ. ವೈರಸ್ ಹೊಕ್ಕಾಗಲೆಲ್ಲ ಕಂಪ್ಯೂಟರ್ ಹುಡುಗ ಬಂದು ಸಿಸ್ಟಮ್ ಫಾರ್ಮ್ಯಾಟ್ ಹೊಡೆಯುತ್ತಿದ್ದ ಕಾಲದಲ್ಲಿ ಅವನೇ ಹೇಳಿಕೊಟ್ಟ ಮಂತ್ರ ಅದು: ಸಿ ಡ್ರೈವಿನಲ್ಲಿದ್ದರೆ ಹೋಗುತ್ತೆ, ಡಿ ಡ್ರೈವಿನಲ್ಲಿದ್ದರೆ ಉಳಿಯುತ್ತೆ. ಫಾರ್ಮ್ಯಾಟಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಸಿ ಮತ್ತು ಡಿ ಎರಡು ಡಿಸ್ಕುಗಳಲ್ಲ, ಒಂದೇ ಡಿಸ್ಕಿನ ಮೇಲೆ ಎಳೆದ ಗೆರೆಯ ಆಚೆ ಮತ್ತು ಈಚೆ ಎಂಬ ಎರಡನೆಯ ಪಾಠ ಹೇಳುವಷ್ಟರಲ್ಲಿ ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬಿಟ್ಟಿದ್ದ. ಡಿಸ್ಕು ಸತ್ತರೆ ಸಿ ಮೊದಲೋ ಡಿ ಮೊದಲೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎರಡೂ ಒಂದೇ ಮುಹೂರ್ತದಲ್ಲಿ ಹೋಗುತ್ತವೆ.

ಡಿಸ್ಕು ಸಾಯುತ್ತದೆಯೇ ಎಂದು ಕೇಳುವವರಿಗೆ ಅದರ ಸಂಸಾರವನ್ನು ಸ್ವಲ್ಪ ವಿವರಿಸಬೇಕು. ಅಂಗಡಿಯ ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳಿವೆ. ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಓದುವ ಬರೆಯುವ ತಲೆಯು ಆ ತಟ್ಟೆಗೆ ತಾಗದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಇಷ್ಟು ನಾಜೂಕಿನ ಯಂತ್ರವನ್ನು ನಾವು ಇಟ್ಟಿರುವುದು ಮೇಜಿನ ಕೆಳಗೆ, ಸಾಹುಕಾರರು ಕಾಲು ಚಾಚುವ ಜಾಗದಲ್ಲಿ, ಪಕ್ಕದಲ್ಲೇ ಸಿಮೆಂಟ್ ಚೀಲ ಧೊಪ್ಪೆಂದು ಇಳಿಯುವ ಕಡೆ. ಯುಪಿಎಸ್ ಇದೆ. ಅದರ ಬ್ಯಾಟರಿ ತೀರಿಕೊಂಡು ವರ್ಷಗಳಾದವು, ಆದರೂ ದೀಪ ಉರಿಯುತ್ತದೆ ಎಂಬ ಕಾರಣಕ್ಕೆ ಅದಕ್ಕೆ ನಿವೃತ್ತಿ ಸಿಕ್ಕಿಲ್ಲ. ಆಯುಧಪೂಜೆಯಲ್ಲಿ ಮಾತ್ರ ಸಿಪಿಯುಗೆ ಸಕಲ ಮರ್ಯಾದೆ: ಕುಂಕುಮ, ಚೆಂಡುಹೂವಿನ ಹಾರ, ಎದುರಿಗೆ ಹೋಳು ಮಾಡಿದ ನಿಂಬೆಹಣ್ಣು. ಅಂದು ಗಾಳಿಯ ಕಿಂಡಿಯೊಳಗೆ ಹೋದ ಕುಂಕುಮ ಮುಂದಿನ ಆಯುಧಪೂಜೆಯವರೆಗೂ ಫ್ಯಾನಿನ ಮೇಲೆ ಸೌಭಾಗ್ಯವತಿಯಾಗಿ ಉಳಿಯುತ್ತದೆ.

ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ತನ್ನಲ್ಲಿರುವ ಲಕ್ಷಾಂತರ ಡಿಸ್ಕುಗಳ ಜನನ ಮರಣ ಲೆಕ್ಕವನ್ನು 2013ರಿಂದ ಪ್ರಕಟಿಸುತ್ತ ಬಂದಿದೆ. 2023ರಲ್ಲಿ ಅಲ್ಲಿ ನೂರಕ್ಕೆ 1.7ರಂತೆ ಡಿಸ್ಕುಗಳು ಕೆಟ್ಟವು. ಅದು ಹವಾನಿಯಂತ್ರಣ ಇರುವ, ಕರೆಂಟು ಹೋಗದ, ಯಾರೂ ಒದೆಯದ ಕೋಣೆಯ ಲೆಕ್ಕ. ನಮ್ಮ ಪೇಟೆಬೀದಿಯ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಟ್ಟಿದ್ದರೂ ಅದು ಡಿ ಡ್ರೈವಿನಲ್ಲೇ ಇರುತ್ತಿತ್ತು.

ಹಳೆಯ ಡಿಸ್ಕು ಸಾಯುವ ಮುಂಚೆ ಕಟಕಟ ಎಂದು ಸದ್ದಾದರೂ ಮಾಡುತ್ತಿತ್ತು. ಈಗಿನ ಎಸ್‌ಎಸ್‌ಡಿಗಳಿಗೆ ಆ ಸೌಜನ್ಯವೂ ಇಲ್ಲ. ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಇಲ್ಲ, ಅಷ್ಟೇ. ಆಮೇಲೆ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವ ಯಾತ್ರೆ ಇದೆಯಲ್ಲ, ಅದನ್ನು ಮಾಡಿದವರ ಮುಖ ನೋಡಬೇಕು. ಅಲ್ಲಿಯ ಕೌಂಟರಿನಲ್ಲಿ ಕೂತವನು ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು, "ನೋಡ್ತೀವಿ ಸಾರ್, ಗ್ಯಾರಂಟಿ ಹೇಳಕ್ಕಾಗಲ್ಲ" ಎನ್ನುತ್ತಾನೆ. ಆ ಗಳಿಗೆಯಲ್ಲಿ ಅವನು ಎಷ್ಟು ಕೇಳಿದರೂ ಕೊಡಲು ತಯಾರಿರುವ ಸಾಹುಕಾರರೇ, ವರ್ಷದ ಹಿಂದೆ ಹೊರಗೆ ಇಟ್ಟುಕೊಳ್ಳುವ ಹಾರ್ಡ್ ಡಿಸ್ಕಿಗೆ ನಾಲ್ಕೂವರೆ ಸಾವಿರ ಎಂದಾಗ "ಮುಂದಿನ ತಿಂಗಳು ನೋಡೋಣ" ಎಂದವರು.

ಹಿಂದಿನ ಲೆಕ್ಕದ ಪುಸ್ತಕಗಳ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಇತ್ತು. ಗೆದ್ದಲಿತ್ತು, ಇಲಿಯಿತ್ತು, ಸೋರುವ ಹಂಚಿತ್ತು. ಆದರೆ ಆ ಪದ್ಧತಿಯ ಒಳಗೇ ಒಂದು ಜಾಣತನ ಅಡಗಿತ್ತು. ದಿನದ ವ್ಯವಹಾರವೆಲ್ಲ ಮೊದಲು ರೋಜುಕೀರ್ದಿಗೆ, ಆಮೇಲೆ ಅದೇ ವ್ಯವಹಾರ ಆಸಾಮಿವಾರಾಗಿ ಖಾತೆ ಪುಸ್ತಕಕ್ಕೆ. ಖಾತೆ ಪುಸ್ತಕ ನೀರು ಕುಡಿದರೆ ರೋಜುಕೀರ್ದಿಯಿಂದ ಕೂತು ಎತ್ತಿ ಬರೆಯಬಹುದಿತ್ತು. ಬಿಲ್ಲು ಪುಸ್ತಕದಲ್ಲಿ ಕಾರ್ಬನ್ ಹಾಳೆ ಇತ್ತು. ಬಿಳಿ ಹಾಳೆ ಗಿರಾಕಿಗೆ ಹೋದರೆ ಹಳದಿ ಹಾಳೆ ಪುಸ್ತಕದಲ್ಲೇ ಉಳಿಯುತ್ತಿತ್ತು. ಮೇಲೆ ಶ್ರೀ ಎಂದು ಬರೆದು ಅರಿಶಿನ ಕುಂಕುಮ ಹಚ್ಚಿದ ಮೇಲೆ ದೇವರ ಭದ್ರತೆ ಬೇರೆ. ಇಷ್ಟೆಲ್ಲ ಇದ್ದರೂ ಅದಕ್ಕೆ ಯಾರೂ ಬ್ಯಾಕಪ್ ಪ್ಲಾನಿಂಗ್ ಎಂದು ಹೆಸರಿಟ್ಟು ಸೆಮಿನಾರು ಮಾಡಲಿಲ್ಲ.

ಆಮೇಲೆ ಟ್ಯಾಲಿ ಬಂತು. ಅದೂ ನಮ್ಮ ಬೆಂಗಳೂರಿನದೇ. ಗಿರಣಿಗಳಿಗೆ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಒಪ್ಪುವ ಲೆಕ್ಕದ ಸಾಫ್ಟ್‌ವೇರ್ ಸಿಗದೆ, ಮಗ ಭರತ್ ಕೈಯಲ್ಲಿ ಬರೆಸಿದರು. 1986ರಲ್ಲಿ ಕಂಪನಿಯಾಯಿತು. ಇಂದು ಪೇಟೆಯಲ್ಲಿ "ಲೆಕ್ಕ ಬರುತ್ತಾ?" ಎಂದು ಯಾರೂ ಕೇಳುವುದಿಲ್ಲ, "ಟ್ಯಾಲಿ ಬರುತ್ತಾ?" ಎನ್ನುತ್ತಾರೆ. ಟ್ಯಾಲಿಯಲ್ಲಿ ಒಂದು ಸಲ ಕುಟ್ಟಿದರೆ ರೋಜುಕೀರ್ದಿ, ಖಾತೆ, ಬಾಕಿ ಪಟ್ಟಿ, ತೇರೀಜು ಎಲ್ಲವೂ ತಾವಾಗಿಯೇ ಸಿದ್ಧ. ಎರಡು ಪುಸ್ತಕದ ದುಡಿಮೆ ಒಂದಕ್ಕಿಳಿಯಿತು. ಅದರ ಜೊತೆಗೆ ಒಂದು ಪುಸ್ತಕ ಇನ್ನೊಂದನ್ನು ಕಾಯುವ ಹಳೆಯ ಏರ್ಪಾಡೂ ಸದ್ದಿಲ್ಲದೆ ಹೋಯಿತು. ಟ್ಯಾಲಿಯಲ್ಲಿ ಬ್ಯಾಕಪ್ ಎಂದೊಂದು ಆಯ್ಕೆ ಇದೆ, ರೀಸ್ಟೋರ್ ಎಂದು ಇನ್ನೊಂದಿದೆ. ಮೊದಲನೆಯದನ್ನು ಒತ್ತುವವರು ಸಿಗುತ್ತಾರೆ. ಎರಡನೆಯದನ್ನು ಒತ್ತಿದವರನ್ನು ನಾನು ಕಂಡಿರುವುದು ಹೆಚ್ಚಾಗಿ ಅಳುಮೋರೆಯಲ್ಲೇ.

ಎಷ್ಟು ಪ್ರತಿ ಇರಬೇಕು ಎಂಬುದಕ್ಕೆ ಒಂದು ಸೂತ್ರವಿದೆ, ಮೂರು-ಎರಡು-ಒಂದು. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದಾದರೂ ಬೇರೆ ಜಾಗದಲ್ಲಿ. ಇದನ್ನು ಜನಪ್ರಿಯಗೊಳಿಸಿದವನು ಕಂಪ್ಯೂಟರ್ ಪಂಡಿತನಲ್ಲ, ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ. ಇದು ನನಗೆ ಬಹಳ ಸರಿಯೆನಿಸುತ್ತದೆ. ಹಾರ್ಡ್‌ವೇರ್ ಅಂಗಡಿಯ ಬಿಲ್ಲು ಕಳೆದರೆ ಗಿರಾಕಿಯ ಹತ್ತಿರ ಬೇಡಿ ಇನ್ನೊಂದು ತರಬಹುದು. ಮದುವೆಯ ಫೋಟೋ ಕಳೆದರೆ ಮತ್ತೆ ಮುಹೂರ್ತ ಇಡಿಸಲು ಬರುವುದಿಲ್ಲ. ಗಂಡು ಹೆಣ್ಣು ಒಪ್ಪಿದರೂ ಬೀಗರು ಒಪ್ಪುವುದಿಲ್ಲ. ನಮ್ಮ ಸ್ಟುಡಿಯೋದ ಹುಡುಗ ಪ್ರತಿ ಮದುವೆಯನ್ನೂ ರಾತ್ರಿಯೇ ಎರಡು ಡಿಸ್ಕಿಗೆ ಇಳಿಸಿ, ಒಂದನ್ನು ಮನೆಗೆ ಒಯ್ದು ಅಮ್ಮನ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಾನೆ. ಪೇಟೆಯಲ್ಲಿ ಸೂತ್ರಕ್ಕೆ ಸರಿಯಾಗಿ ನಡೆಯುವವನು ಅವನೊಬ್ಬನೇ. ಸೂತ್ರದ ಹೆಸರನ್ನು ಅವನು ಕೇಳಿಯೇ ಇಲ್ಲ.

ಮೂರು ಪ್ರತಿಗೇ ನಾವು ಇಷ್ಟು ಏದುಸಿರು ಬಿಡುವಾಗ, ಸಾವಿರ ಪ್ರತಿ ಮಾಡಿಸಿದವಳು ನಮ್ಮಲ್ಲೇ ಇದ್ದಳು. ಹತ್ತನೆಯ ಶತಮಾನದ ಅತ್ತಿಮಬ್ಬೆ, ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ. ಪೊನ್ನನ ಶಾಂತಿಪುರಾಣವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದಳು ಎಂಬುದನ್ನು ಕನ್ನಡ ಶಾಲೆಯಲ್ಲಿ ಕೂತ ಯಾರೂ ಮರೆತಿರಲಾರರು. ಶಾಲೆಯಲ್ಲಿ ಅದನ್ನು ದಾನದ ಪಾಠವಾಗಿ ಹೇಳಿಕೊಟ್ಟರು. ಲೆಕ್ಕ ಬರೆಯುವವನ ಕಣ್ಣಿಗೆ ಅದು ಬೇರೆಯಾಗಿಯೂ ಕಾಣುತ್ತದೆ. ಆ ಕಾವ್ಯವನ್ನು ಪೊನ್ನನಿಂದ ಬರೆಸಿದವರು ಅವಳ ತಂದೆ ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ. ಅಂದರೆ ಅದು ಮನೆಯ ಕಡತ. ಅದನ್ನು ಮನೆಯ ಪೆಟ್ಟಿಗೆಯಲ್ಲಿ ಇಡದೆ ಊರೂರಿಗೆ ಕಳಿಸಿದಳು. ಒಂದು ಬಸದಿಗೆ ಬೆಂಕಿ ಬಿದ್ದರೆ ಇನ್ನೊಂದರಲ್ಲಿ ಇದೆ, ಒಂದು ಊರಿನ ಓಲೆಗೆ ಹುಳು ಹತ್ತಿದರೆ ಇನ್ನೊಂದು ಊರಿನದು ಚೆನ್ನಾಗಿದೆ. ಅದೇ ಪೊನ್ನ ಭುವನೈಕ ರಾಮಾಭ್ಯುದಯ ಎಂಬ ಇನ್ನೊಂದು ಕಾವ್ಯ ಬರೆದಿದ್ದ. ಅದು ಇಂದು ನಮ್ಮ ಪಾಲಿಗಿಲ್ಲ. ಶಾಂತಿಪುರಾಣ ಇದೆ. ಅದು ಉಳಿದದ್ದು ಸಾವಿರ ಪ್ರತಿಯ ಪುಣ್ಯದಿಂದಲೇ ಎಂದು ವಿದ್ವಾಂಸರ ಎದುರಿಗೆ ನಾನು ವಾದ ಮಾಡಲಾರೆ. ಆದರೆ ಅಡಿಕೆ ಮಂಡಿಯ ಸಾಹುಕಾರರ ಎದುರಿಗೆ ಧಾರಾಳವಾಗಿ ಮಾಡುತ್ತೇನೆ.

"ಆಯಮ್ಮನ ಹತ್ರ ದುಡ್ಡಿತ್ತು ಬಿಡಿ ಸಾರ್" ಎಂಬುದು ಅವರ ಉತ್ತರ.

ಬೇರೆ ಜಾಗ ಎಂಬುದು ಈ ಸೂತ್ರದಲ್ಲಿ ಎಲ್ಲರೂ ಹಾರಿಸಿಬಿಡುವ ಅಂಶ. ಪೆನ್ ಡ್ರೈವ್ ಇರುತ್ತದೆ, ಆದರೆ ಅದು ಇರುವುದು ಕಂಪ್ಯೂಟರಿನ ಹಿಂಭಾಗದಲ್ಲೇ, ಚುಚ್ಚಿದ್ದು ಚುಚ್ಚಿದ ಹಾಗೆ. ಹಾರ್ಡ್ ಡಿಸ್ಕ್ ಇರುತ್ತದೆ, ಅದು ಗಲ್ಲಾಪೆಟ್ಟಿಗೆಯಲ್ಲಿ. ಕಳ್ಳ ಬಂದರೆ ಎರಡನ್ನೂ ಒಂದೇ ಚೀಲದಲ್ಲಿ ಒಯ್ಯುವ ಅನುಕೂಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯ ನೀರು ಗೋಕಾಕಿನೊಳಗೆ ನುಗ್ಗಿತು. ನೀರು ಮೇಜಿನವರೆಗೆ ಏರಿದ ಅಂಗಡಿಯಲ್ಲಿ ಮೇಜಿನ ಮೇಲಿನ ಕಂಪ್ಯೂಟರು, ಖಾನೆಯೊಳಗಿನ ಡಿಸ್ಕು ಎಂಬ ಭೇದವನ್ನು ಅದು ಎಣಿಸುವುದಿಲ್ಲ. ಹಾಗಾದರೆ ಕ್ಲೌಡಿನಲ್ಲಿ ಇಡೋಣ ಎಂದರೆ ಅದೂ ಆಕಾಶದಲ್ಲಿಲ್ಲ, ಯಾವುದೋ ಊರಿನ ಯಾವುದೋ ಕಟ್ಟಡದಲ್ಲಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದು ಅಂತಸ್ತಿನ ಡೇಟಾ ಸೆಂಟರು ಸುಟ್ಟುಹೋಯಿತು. ಅಲ್ಲಿ ಸೈಟು ನಡೆಸುತ್ತಿದ್ದ ಕೆಲವರ ಬ್ಯಾಕಪ್ಪೂ ಅದೇ ಆವರಣದಲ್ಲಿತ್ತು. ಫ್ರೆಂಚರಿಗೂ ಡಿ ಡ್ರೈವ್ ಗೊತ್ತಿದೆ ಎಂದು ನನಗೆ ಅಂದು ಸ್ವಲ್ಪ ಸಮಾಧಾನವಾಯಿತು.

ನೀರು ಬೆಂಕಿಗಳಾದರೂ ಹಳೆಯ ಶತ್ರುಗಳು. ಈಗಿನದು ಬೇರೆ. 2017ರ ಮೇ 12, ಶುಕ್ರವಾರ, ವಾನಾಕ್ರೈ ಎಂಬ ಪಿಡುಗು ಹೊರಟು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಬೀಗ ಹಾಕಿತು. ಕಡತ ಅಲ್ಲೇ ಇರುತ್ತದೆ, ತೆರೆಯಲು ಬರುವುದಿಲ್ಲ. ಬೀಗದ ಕೈ ಬೇಕಾದರೆ 300 ಡಾಲರನ್ನು ಬಿಟ್‌ಕಾಯಿನ್‌ನಲ್ಲಿ ಕಳಿಸಿ ಎಂದು ಪರದೆಯ ಮೇಲೆ ನೋಟೀಸು. ಅದು ನುಗ್ಗಿದ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಕಡಿಮೆ. ಮಾರ್ಚ್ ತಿಂಗಳಲ್ಲಿ ಯಾರಿಗೆ ಪುರುಸೊತ್ತು ಹೇಳಿ. ಈ ಜಾತಿಯ ಪಿಡುಗಿಗೆ ಚುಚ್ಚಿಯೇ ಬಿಟ್ಟ ಪೆನ್ ಡ್ರೈವ್ ಎಂದರೆ ಎಲೆಯ ತುದಿಗೆ ಬಡಿಸಿದ ಇನ್ನೊಂದು ಹೋಳಿಗೆ, ಅದನ್ನೂ ಬಿಡುವುದಿಲ್ಲ. ಗೂಗಲ್ ಡ್ರೈವಿಗೆ ತಾನಾಗಿ ಹೋಗುವಂತೆ ಮಾಡಿದ್ದೇವೆ ಎನ್ನುವವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಇಲ್ಲಿ ಕೆಟ್ಟದ್ದು ಅಲ್ಲಿಗೂ ಹಾಗೆಯೇ ಹೋಗುತ್ತದೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅಲ್ಲಿಯ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಅದೂ ಇಲ್ಲ. ಹೀಗಾಗಿ ಒಂದು ಪ್ರತಿಯಾದರೂ ತಂತಿ ಕಿತ್ತು, ಯಾವ ಯಂತ್ರಕ್ಕೂ ತಗಲಿಕೊಳ್ಳದೆ ಬೇರೆಯೇ ಕೂತಿರಬೇಕು. "ನಮ್ಮಂಥ ಸಣ್ಣೋರ ಹತ್ರ ಯಾವನು ಬರ್ತಾನೆ ಸಾರ್" ಎಂಬ ಮಾತನ್ನು 2024ರ ಜುಲೈ ಕೊನೆಯವರೆಗೆ ನಾನೂ ಒಪ್ಪುತ್ತಿದ್ದೆನೇನೋ. ಆಗ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಸಂಸ್ಥೆಗೆ ಇಂಥ ದಾಳಿಯಾಗಿ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳಿಗೆ ಹಣ ಪಾವತಿ ನಿಂತುಹೋಯಿತು. ಅವೆಲ್ಲ ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಂಥವು. ಸಣ್ಣವರ ಹತ್ತಿರ ಬಂದದ್ದು ಹಾಗೆ.

ಇಷ್ಟೆಲ್ಲ ಹೇಳಿದ ಮೇಲೆ ಸಾಹುಕಾರರು ಮನಸ್ಸು ಮಾಡಿ ಎರಡು ಡಿಸ್ಕು ಕೊಂಡರೆನ್ನಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ವಾರಕ್ಕೊಮ್ಮೆ ಅದಲುಬದಲು. ಸಂತೋಷ. ಅದರೊಳಗೆ ಏನಿದೆ ಎಂದು ತೆರೆದು ನೋಡಿದವರು ಯಾರು? ಹಳೆಯ ಟಾಕೀಸುಗಳಲ್ಲಿ ಗೋಡೆಗೆ ಸಾಲಾಗಿ ಕೆಂಪು ಬಕೆಟುಗಳನ್ನು ನೇತುಹಾಕುತ್ತಿದ್ದರು, ನೆನಪಿರಬಹುದು. ಬೆಂಕಿಗೆ ಎಂದು ಅದರೊಳಗೆ ಮರಳು. ಇಂಟರ್ವಲ್ಲಿನಲ್ಲಿ ಹತ್ತಿರ ಹೋಗಿ ನೋಡಿದರೆ ಅರ್ಧ ಮರಳು, ಮಿಕ್ಕದ್ದು ಬೀಡಿ ತುಂಡು, ಎಲೆಯಡಿಕೆ ಉಗುಳು, ಹರಿದ ಟಿಕೆಟು. ಇನ್‌ಸ್ಪೆಕ್ಟರು ಬಂದು ಬಕೆಟು ಎಣಿಸಿಕೊಂಡು ಹೋಗುತ್ತಿದ್ದರು. ನಮ್ಮ ಬ್ಯಾಕಪ್ಪುಗಳು ಬಹುತೇಕ ಎಣಿಕೆಗೆ ಸರಿಯಾಗಿಯೇ ಇರುತ್ತವೆ.

ಇದು ಪೇಟೆಬೀದಿಯ ದಡ್ಡತನ ಎಂದುಕೊಳ್ಳಬೇಡಿ. ಪ್ರಪಂಚದ ಎಷ್ಟೋ ಪ್ರೋಗ್ರಾಮರುಗಳು ತಮ್ಮ ಕೆಲಸ ತಂದಿಡುವ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರ ರಾತ್ರಿ ದಣಿದಿದ್ದ ಒಬ್ಬ ಎಂಜಿನಿಯರು ಒಂದು ಸರ್ವರಿನಲ್ಲಿ ಅಳಿಸಬೇಕಾದದ್ದನ್ನು ಇನ್ನೊಂದರಲ್ಲಿ ಅಳಿಸಿಬಿಟ್ಟ. ಸುಮಾರು 300 ಜಿಬಿ. ತಡೆದು ನಿಲ್ಲಿಸುವಷ್ಟರಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ. ಚಿಂತೆಯಿಲ್ಲ, ಅವರಲ್ಲಿ ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು. ಒಂದೊಂದಾಗಿ ತೆರೆದು ನೋಡಿದರೆ ಯಾವುದೂ ನೆಟ್ಟಗಿಲ್ಲ. ದಿನವೂ ನಡೆಯಬೇಕಿದ್ದ ಮುಖ್ಯ ಬ್ಯಾಕಪ್ಪು ಸಾಫ್ಟ್‌ವೇರಿನ ಆವೃತ್ತಿ ಹೊಂದದೆ ನಿಂತೇಹೋಗಿತ್ತು. ನಿಂತಿದೆ ಎಂದು ಹೇಳುವ ಮಿಂಚಂಚೆಗಳು ಹೋಗುತ್ತಿದ್ದುವಂತೆ, ಆದರೆ ಬಾಗಿಲಲ್ಲೇ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು, ಬೇರೆ ಏನೋ ಪರೀಕ್ಷೆಗೆಂದು ಅದೇ ಎಂಜಿನಿಯರು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ಪ್ರತಿ. ಆ ಆರು ಗಂಟೆಯ ಕೆಲಸ ಹೋಯಿತು. ಅವರು ಅದನ್ನು ಮುಚ್ಚಿಡದೆ, ರಿಪೇರಿ ಮಾಡುವುದನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಈ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ನಮ್ಮಲ್ಲಿಯಾದರೆ "ಸರ್ವರ್ ಡೌನ್" ಎಂಬ ಚೀಟಿ ಅಂಟಿಸಿ ಶಟರ್ ಎಳೆಯುತ್ತಾರೆ.

ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೊಂದು ಪ್ರತ್ಯೇಕ ಸಂಕಟವಿದೆ. ನಮ್ಮ ಡಿಟಿಪಿ ಸೆಂಟರಿನವರು ಬಲು ಶಿಸ್ತಿನ ಮನುಷ್ಯ. ಇಪ್ಪತ್ತು ವರ್ಷದ ಕೆಲಸವನ್ನು ಸಿಡಿಗಳಲ್ಲಿ ಬರೆದು, ಮಾರ್ಕರಿನಿಂದ ಇಸವಿ ನಮೂದಿಸಿ, ಬೆಳ್ಳಗಿನ ಲಕೋಟೆಯಲ್ಲಿ ಇಟ್ಟಿದ್ದಾರೆ. ಮಠಕ್ಕೆ ಮಾಡಿಕೊಟ್ಟ ಸ್ಮರಣ ಸಂಚಿಕೆಯ ಎರಡನೆಯ ಮುದ್ರಣ ಬೇಕೆಂದು ಒಂದು ದಿನ ಮಠದಿಂದ ಜನ ಬಂದರು. "ಇದೆ, ಇದೆ, ಭದ್ರವಾಗಿದೆ" ಎಂದು ಇವರು ಸಿಡಿ ತೆಗೆದರು. ಹೊಸ ಕಂಪ್ಯೂಟರಿನಲ್ಲಿ ಸಿಡಿ ಹಾಕುವ ಕಿಂಡಿಯೇ ಇಲ್ಲ. ಪಕ್ಕದ ಬೀದಿಯಿಂದ ಸಿಡಿ ಡ್ರೈವ್ ತಂದದ್ದಾಯಿತು. ಕಡತ ಬಂತು, ಅದು ಪೇಜ್‌ಮೇಕರಿನದು. ಪೇಜ್‌ಮೇಕರ್ ನಿಂತುಹೋಗಿ ಯಾವ ಕಾಲವಾಯಿತು! ಅದೇ ಅಡೋಬಿಯವರ ಇನ್‌ಡಿಸೈನ್ ಕೂಡ ಸಿಎಸ್6ರ ಆಮೇಲಿನ ಆವೃತ್ತಿಗಳಲ್ಲಿ ಪೇಜ್‌ಮೇಕರ್ ಕಡತವನ್ನು ಮುಟ್ಟುವುದಿಲ್ಲ. ಹೇಗೋ ಹಳೆಯ ಯಂತ್ರವೊಂದನ್ನು ಅಟ್ಟದಿಂದ ಇಳಿಸಿ ತೆರೆದರೆ, ಸ್ವಾಮಿಗಳ ಆಶೀರ್ವಚನ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆ, ಡಾಲರ್ ಚಿಹ್ನೆ ಎಲ್ಲ ಕಲಸಿದ ಚಿತ್ರಾನ್ನ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡವನ್ನು ಅಕ್ಷರದ ತುಂಡುಗಳಾಗಿ ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸುತ್ತಿದ್ದ ಫಾಂಟುಗಳವು. ನುಡಿ, ಬರಹಗಳಿಗೊಂದು ಲೆಕ್ಕ, ಶ್ರೀಲಿಪಿಗೊಂದು ಲೆಕ್ಕ. ಕಡತ ಯಾವ ಫಾಂಟಿನಲ್ಲಿ ಹುಟ್ಟಿತೋ ಆ ಫಾಂಟೇ ಇಲ್ಲದಿದ್ದರೆ ಅದು ಬಾಯಿ ಬಿಡುವುದಿಲ್ಲ. ಇವರ ಬ್ಯಾಕಪ್ಪಿನಲ್ಲಿ ಕಡತವಿತ್ತು, ಫಾಂಟು ಇರಲಿಲ್ಲ. ಕೊನೆಗೆ ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ಮಠದವರೇ ತಂದುಕೊಟ್ಟರು. ಇಬ್ಬರು ಹುಡುಗಿಯರು ಕೂತು ಮತ್ತೆ ಟೈಪು ಮಾಡಿದರು. ಕಾಗದ ಗೆದ್ದಿತು.

ಆದ್ದರಿಂದ ಕಡತದ ಜೊತೆಗೆ ಅದನ್ನು ತೆರೆಯುವ ಸಾಫ್ಟ್‌ವೇರು, ಅದರ ಫಾಂಟು, ಲೈಸೆನ್ಸಿನ ಸಂಖ್ಯೆ ಇವೂ ಜೊತೆಯಲ್ಲೇ ಇರಬೇಕು. ಟ್ಯಾಲಿಯಲ್ಲೂ ಇದೇ ಕಥೆ. ಹೊಸ ಆವೃತ್ತಿಯಲ್ಲಿ ಮಾಡಿದ ಡೇಟಾ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಬ್ಯಾಕಪ್ ಮಾಡಿದ ಪ್ರತಿಯೊಂದನ್ನು ವಿದೇಶಕ್ಕೆ ಹೋಗುವವರ ಸಾಮಾನಿನಂತೆ ಬಿಚ್ಚಿ ಪರೀಕ್ಷಿಸಬೇಕಿಲ್ಲ, ಆಗೊಮ್ಮೆ ಈಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಸಾಕು.

ಡಿಸ್ಕಿಗಿಂತ ಬೇಗ ಕೈಕೊಡುವುದು ಪಾಸ್‌ವರ್ಡು. ಟ್ಯಾಲಿಯಲ್ಲಿ ವಾಲ್ಟ್ ಎಂಬ ಪಾಸ್‌ವರ್ಡಿದೆ. ಹಾಕಿದರೆ ಕಂಪನಿಯ ಹೆಸರೂ ನಕ್ಷತ್ರಗಳಾಗಿ ಕಾಣುತ್ತದೆ. ಮರೆತರೆ ಟ್ಯಾಲಿಯವರೂ ತೆರೆದುಕೊಡಲಾರರು. ಅದು ಅದರ ದೋಷವಲ್ಲ, ಗುಣವೇ. ಆದರೆ ನಮ್ಮ ಅಂಗಡಿಗಳಲ್ಲಿ ಅದನ್ನು ಹಾಕಿದವನು ಹಿಂದಿದ್ದ ಗುಮಾಸ್ತ. ಅವನು ಸಂಬಳದ ವಿಷಯಕ್ಕೆ ಜಗಳ ಮಾಡಿಕೊಂಡು ಹೋದವನು. ಈಗ ಸಾಹುಕಾರರು ಅವನಿಗೆ ಫೋನು ಮಾಡಿ, "ಏನಪ್ಪಾ, ಚೆನ್ನಾಗಿದೀಯಾ? ಮಗಳು ಯಾವ ಕ್ಲಾಸು?" ಎಂದು ಶುರುಮಾಡಬೇಕು.

ಮೊಬೈಲಿನದು ಇದಕ್ಕಿಂತ ಸೊಗಸು. ಈಗ ಅರ್ಧ ವ್ಯಾಪಾರ ವಾಟ್ಸಾಪಿನಲ್ಲಿ. ಆರ್ಡರು ಅಲ್ಲಿ, ದರಪಟ್ಟಿ ಅಲ್ಲಿ, ಬಾಕಿ ಕೇಳಿದ್ದಕ್ಕೆ ಕೈಮುಗಿಯುವ ಚಿತ್ರ ಕಳಿಸಿದ್ದೂ ಅಲ್ಲೇ. ಆಂಡ್ರಾಯ್ಡ್ ಫೋನಿನಲ್ಲಿ ಇದರ ಬ್ಯಾಕಪ್ಪು ಹೋಗುವುದು ಗೂಗಲ್ ಖಾತೆಗೆ. ಆ ಖಾತೆಯನ್ನು ಮಾಡಿಕೊಟ್ಟವನು ಫೋನು ಮಾರಿದ ಅಂಗಡಿಯ ಹುಡುಗ. ಬೇಗ ಮುಗಿಯಲಿ ಎಂದು ತನ್ನದೇ ನಂಬರು ಕೊಟ್ಟು, ತನಗೆ ತೋಚಿದ ಪಾಸ್‌ವರ್ಡು ಹಾಕಿ, ಜನ್ಮದಿನಾಂಕಕ್ಕೆ ಜನವರಿ ಒಂದು ಎಂದು ಬರೆದು ಕೈಗೆ ಕೊಟ್ಟಿರುತ್ತಾನೆ. ನಮ್ಮ ತಾಲೂಕಿನ ವ್ಯಾಪಾರಸ್ಥರಲ್ಲಿ ಬಹುಪಾಲು ಗೂಗಲ್ಲಿನ ಪ್ರಕಾರ ಜನವರಿ ಒಂದರಂದೇ ಹುಟ್ಟಿದವರು. ಫೋನು ಹೊಳೆಗೆ ಬಿದ್ದ ದಿನ ಹೊಸ ಫೋನಿನಲ್ಲಿ ಖಾತೆ ತೆರೆಯಲು ಹೋದರೆ, ಒಟಿಪಿ ಆ ಹುಡುಗನ ಹಳೆಯ ನಂಬರಿಗೆ ಹೋಗುತ್ತದೆ. ಆ ನಂಬರು ಈಗ ಯಾರದೋ.

ಕಾನೂನು ಏನು ಹೇಳುತ್ತದೆ ಎಂದು ಕೇಳಿದರೆ ಅದೂ ಹೇಳುತ್ತದೆ. ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು. ಆ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ನಿಯಮ 57 ಇನ್ನೂ ಸ್ಪಷ್ಟ: ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಸರಿಯಾದ ಬ್ಯಾಕಪ್ ಇಡಬೇಕು, ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ದಾಖಲೆ ನಾಶವಾದರೆ ಯುಕ್ತ ಸಮಯದೊಳಗೆ ಅದನ್ನು ಮರಳಿ ತರಲು ಬರಬೇಕು. ಡಿಸ್ಕು ಹೋಯಿತು ಸ್ವಾಮಿ ಎಂದು ಅಧಿಕಾರಿಯ ಮುಂದೆ ಕೈಮುಗಿದರೆ ಮುಗಿಯಲಿಲ್ಲ ಎಂದರ್ಥ. ಇದನ್ನು ನಾನು ಮಂಡಿಯಲ್ಲಿ ಓದಿ ಹೇಳಿದಾಗ ಸಾಹುಕಾರರು ಮೊದಲ ಬಾರಿಗೆ ತಕ್ಕಡಿಯಿಂದ ಕಣ್ಣೆತ್ತಿದರು. ಅತ್ತಿಮಬ್ಬೆಗೆ ಆಗದ ಕೆಲಸ ಜಿಎಸ್‌ಟಿಯಿಂದ ಆಯಿತು.

ಯುಕ್ತ ಸಮಯ ಎಂದರೆ ಎಷ್ಟು ಎಂಬುದನ್ನು ನಿಯಮ ಹೇಳುವುದಿಲ್ಲ. ಅದನ್ನು ಅಂಗಡಿಯವರೇ ಹೇಳಬೇಕು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಗಂಭೀರ ಹೆಸರುಗಳಿವೆ. ನಮಗೆ ಎರಡು ಪ್ರಶ್ನೆ ಸಾಕು. ಎಷ್ಟು ದಿನದ ಎಂಟ್ರಿ ಹೋದರೆ ಮತ್ತೆ ಕೂತು ಕುಟ್ಟಬಲ್ಲೆ? ಎಷ್ಟು ಹೊತ್ತು ಕಂಪ್ಯೂಟರಿಲ್ಲದೆ ಅಂಗಡಿ ನಡೆಸಬಲ್ಲೆ? ಹಾರ್ಡ್‌ವೇರ್ ಅಂಗಡಿಗೆ ವಾರದ ಎಂಟ್ರಿ ಹೋದರೂ ಬಿಲ್ಲು ಪುಸ್ತಕ ಇರುವುದರಿಂದ ಎರಡು ಸಂಜೆಯ ಕೆಲಸ. ಔಷಧಿ ಅಂಗಡಿಗೆ ಅರ್ಧ ದಿನ ನಿಂತರೂ ಕಷ್ಟ, ಯಾವ ಮಾತ್ರೆಯ ಯಾವ ಬ್ಯಾಚು ಯಾವ ಖಾನೆಯಲ್ಲಿದೆ ಎಂಬುದು ಅದರೊಳಗಿದೆ. ಮಂಡಿಯಲ್ಲಿ ಉಳಿದದ್ದೆಲ್ಲ ಹೋದರೂ ಪರವಾಗಿಲ್ಲ, ಯಾವ ರೈತರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂಬ ಪಟ್ಟಿ ಮಾತ್ರ ಹೋಗಬಾರದು. ಆ ಪಟ್ಟಿಯನ್ನು ಅವರು ಈಗ ಪ್ರತಿ ಶನಿವಾರ ಕಾಗದದ ಮೇಲೆ ಮುದ್ರಿಸಿ ಮನೆಗೆ ಒಯ್ಯುತ್ತಾರೆ. ಡಿಸ್ಕು ಕೊಂಡಿಲ್ಲ, ಕಾಗದ ಅಗ್ಗ ಎನ್ನುತ್ತಾರೆ. ನೀವು ಹಣ ಕೊಡಬೇಕಾದವರ ಪಟ್ಟಿ ಮುದ್ರಿಸುವುದಿಲ್ಲವೇ ಎಂದು ಕೇಳಿದೆ. ಅದನ್ನು ಅವರೇ ನೆನಪಿಟ್ಟುಕೊಳ್ಳುತ್ತಾರೆ ಬಿಡಿ ಎಂದರು.

ಓದುಗರಲ್ಲಿ ಅಂಗಡಿ ಇಟ್ಟವರು ಯಾರಾದರೂ ಇದ್ದರೆ ನನ್ನದೊಂದು ಕೋರಿಕೆ. ಈ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ ನಿದ್ದೆಗೆ ಮುಂಚೆ, ನಿಮ್ಮ ಬ್ಯಾಕಪ್ಪಿನ ಡಿಸ್ಕನ್ನು ತೆಗೆದುಕೊಂಡು ಹೋಗಿ ಬೇರೆ ಯಾರದಾದರೂ ಕಂಪ್ಯೂಟರಿಗೆ ಹಾಕಿ, ಹೋದ ವರ್ಷದ ಯಾವುದಾದರೂ ಒಂದು ಪಾರ್ಟಿಯ ಖಾತೆ ತೆರೆದು ಪ್ರಿಂಟ್ ತೆಗೆಯಿರಿ. ಬಂದರೆ ಒಳ್ಳೆಯದು. ಬರದಿದ್ದರೆ ಸೋಮವಾರ ಕಂಪ್ಯೂಟರ್ ಹುಡುಗನನ್ನು ಕರೆಸಿ. ವಾಲ್ಟಿನ ಪಾಸ್‌ವರ್ಡು, ಗೂಗಲ್ ಖಾತೆಯ ಪಾಸ್‌ವರ್ಡು ಎರಡನ್ನೂ ಒಂದು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ, ಯಾವ ಖಾನೆಯಲ್ಲಿದೆ ಎಂದು ಮನೆಯವರಿಗೂ ಹೇಳಿಡಿ.